ಎರಡು ನಿಮಿಷ ನಲವತ್ತು ಸೆಕೆಂಡು ಏನೂ ಇಲ್ಲ

ನನ್ನ ಭಾವ ಮೂವತ್ತೊಂದು ವರ್ಷ ಸಂಗೀತ ಕೇಳಿದರು, ಅಷ್ಟನ್ನೂ ಬಾಗಿಲಿನ ಹೊರಗಿನಿಂದ. ಯಾರಿಗಾದರೂ ಇದನ್ನು ಹೇಳಿದರೆ ಅಯ್ಯೋ ಪಾಪ ಅನ್ನುತ್ತಾರೆ. ಪಾಪ ಗೀಪ ಏನೂ ಇಲ್ಲ. ಒಳಗೆ ಮೆತ್ತನೆಯ ಕುರ್ಚಿಯಲ್ಲಿ ಕೂತು ತೂಕಡಿಸುವ ಎಂಟುನೂರು ಜನರಿಗೆ ಗೊತ್ತಿರುವುದಕ್ಕಿಂತ ಅವರಿಗೇ ಹೆಚ್ಚು ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ ಒಂದು, ಅದನ್ನೇ ಹೇಳಲು ಹೊರಟಿದ್ದೇನೆ.

ಭಾವ ಸಂಗೀತಭವನದ ಬಾಗಿಲು ಕಾಯುವವರು. ನಾನು ಅದೇ ಭವನದಲ್ಲಿ ಕೋಟು, ಕೊಡೆ, ಚೀಲ ತೆಗೆದಿಟ್ಟುಕೊಳ್ಳುವ ಕೋಣೆಯವಳು. ಕೆಲಸ ಕೊಡಿಸಿದ್ದು ಅವರೇ. ಅದಕ್ಕೆ ಇವತ್ತಿಗೂ ಅವರನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ, ಹೊಗಳಿದರೆ ಋಣ ತೀರಿಸಿದ ಹಾಗೆ ಕಾಣುತ್ತದೆ ಅಂತ. ಭವನದಲ್ಲಿ ಎಲ್ಲರೂ ಅವರನ್ನು ಬಾಗಿಲಪ್ಪ ಅನ್ನುತ್ತಿದ್ದರು, ಮ್ಯಾನೇಜರ್ ಕೂಡ.

ಬಾಗಿಲು ಕಾಯುವುದು ಏನು ಮಹಾ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ನೋಡಿದರೆ ಅದೊಂದು ವಿದ್ಯೆ. ಅಲ್ಲಿ ಸಂಗೀತ ಒಮ್ಮೆ ಶುರುವಾದರೆ ತಡವಾಗಿ ಬಂದವರು ಹೊರಗೇ ನಿಲ್ಲಬೇಕು. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಅರ್ಧ ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಬಾಗಿಲು ತೆಗೆದು, ಎಲ್ಲರನ್ನೂ ಒಳಗೆ ಬಿಟ್ಟು, ಸದ್ದಿಲ್ಲದೆ ಮುಚ್ಚಬೇಕು. ಭಾಗ ಮುಗಿಯಿತೋ ಇಲ್ಲವೋ ಎಂದು ಹೊರಗೆ ನಿಂತವರಿಗೆ ಗೊತ್ತಾಗುವುದು ಹೇಗೆ? ಸಂಗೀತ ನಿಂತರೆ ಮುಗಿದ ಹಾಗೆ ಅಲ್ಲವೇ? ಅಲ್ಲ. ಎಷ್ಟೋ ಸಲ ಅದು ನಡುವೆಯೇ ಗಕ್ಕನೆ ನಿಲ್ಲುತ್ತದೆ, ಉಸಿರು ಹಿಡಿಯುತ್ತದೆ, ಮತ್ತೆ ಶುರುವಾಗುತ್ತದೆ.

ಇದು ಭಾವನಿಗೆ ಗೊತ್ತಾದದ್ದು ಮರ್ಯಾದೆ ಕಳೆದುಕೊಂಡ ಮೇಲೆ. ಅವರು ಮೂಲತಃ ಬಡಗಿ. ಆ ಬಾಗಿಲಿನ ತಿರುಗಣೆ ಕಿರುಗುಟ್ಟುತ್ತಿದೆ ಎಂದು ರಿಪೇರಿಗೆ ಕರೆಸಿದ್ದರು. ಕಿರುಗು ನಿಂತಿತು, ಇವರೂ ಅಲ್ಲೇ ನಿಂತರು. ಮೊದಲ ವರ್ಷ ಒಂದು ಸಿಂಫನಿ ನಡೆಯುತ್ತಿದ್ದಾಗ ಒಳಗೆ ಧಡ್ ಧಡ್ ಎಂದು ಎರಡು ಸದ್ದಾಗಿ ಪೂರ್ತಿ ಮೌನ. ಇವರು ಬಾಗಿಲು ತೆಗೆದರು. ಹನ್ನೊಂದು ಜನ ಒದ್ದೆ ಬೂಟು ಕಿಚಪಿಚ ಅನ್ನಿಸಿಕೊಂಡು ಒಳಗೆ ನಡೆದರು. ಕೋಲು ಎತ್ತಿ ಹಿಡಿದಿದ್ದ ವಾದ್ಯವೃಂದದ ನಿರ್ದೇಶಕರು ಹಾಗೇ ಹಿಂದೆ ತಿರುಗಿ, ಎಂಟುನೂರು ಜನರ ಎದುರು, "ಬಾಗಿಲಿನವರದ್ದು ಮುಗಿದಿದ್ರೆ ನಮ್ಮದು ಮುಂದುವರಿಸ್ತೀವಿ" ಎಂದರಂತೆ. ಎಲ್ಲರೂ ಗೊಳ್ಳೆಂದು ನಕ್ಕರು. ಭಾವ ಆ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ ಎಂದು ಅಕ್ಕ ಹೇಳುತ್ತಿದ್ದಳು.

ಆಮೇಲೆ ಪುಸ್ತಕ ಶುರುವಾಯಿತು. ಅಂಗಿಯ ಜೇಬಿಗೆ ಹಿಡಿಸುವಂಥ ಸಣ್ಣ ನೋಟ್‌ಬುಕ್ಕು, ಕಿವಿಯ ಹಿಂದೆ ಬಡಗಿಯ ಪೆನ್ಸಿಲ್ಲು. ಪ್ರತಿ ಕಾರ್ಯಕ್ರಮಕ್ಕೂ ಮೊದಲು ರಿಹರ್ಸಲ್ ಇರುತ್ತದಲ್ಲ, ಅದನ್ನು ಭಾವ ಬಿಡದೆ ಕೇಳುತ್ತಿದ್ದರು, ಅದನ್ನೂ ಹೊರಗೇ ನಿಂತು. ಮ್ಯಾನೇಜರ್ ಎಷ್ಟೋ ಸಲ ಒಳಗೆ ಬನ್ನಿ ಎಂದು ಕರೆದದ್ದುಂಟು.

"ಒಳಗೆ ಹೇಗೆ ಕೇಳಿಸುತ್ತೆ ಅನ್ನೋದು ತಗೊಂಡು ನಾನೇನು ಮಾಡ್ಲಿ ಸಾರ್? ಕಾರ್ಯಕ್ರಮದ ದಿನ ನಾನಿರೋದು ಹೊರಗೆ. ಹೊರಗೆ ಹೇಗೆ ಕೇಳಿಸುತ್ತೆ ಅನ್ನೋದು ನನಗೆ ಬೇಕು" ಅನ್ನುತ್ತಿದ್ದರು.

ಮಾತು ಸರಿಯಾಗಿಯೇ ಇತ್ತು. ಅಲ್ಲಿ ಒಂದರ ಹಿಂದೆ ಒಂದು ಎರಡು ಬಾಗಿಲು, ಎರಡೂ ಅಂಗೈ ಅಗಲದಷ್ಟು ದಪ್ಪ, ಒಳಮೈಗೆ ಚರ್ಮ ಹೊದಿಸಿದ್ದು. ನಡುವೆ ಇಬ್ಬರು ಒತ್ತಿಕೊಂಡು ನಿಲ್ಲುವಷ್ಟು ಕತ್ತಲೆ ಜಾಗ. ಭಾವ ಆ ಕತ್ತಲೆಯಲ್ಲಿ ಒಳಬಾಗಿಲಿಗೆ ಕಿವಿಯಾನಿಸಿ ನಿಲ್ಲುತ್ತಿದ್ದರು. ಅಷ್ಟು ದಪ್ಪದ ಮರ ದಾಟಿ ಬರುವುದು ಕೆಳಸ್ವರದ ವಾದ್ಯಗಳು ಮಾತ್ರ. ಆಳಿಗಿಂತ ಎತ್ತರದ ಡಬಲ್ ಬಾಸ್ ಬರುತ್ತದೆ, ಅಗಲ ಬಾಯಿಯ ಹಿತ್ತಾಳೆ ಕಹಳೆ ಟ್ಯೂಬಾ ಬರುತ್ತದೆ, ನಗಾರಿಯಂಥ ಟಿಂಪನಿ ಬರುತ್ತದೆ. ಪಿಟೀಲುಗಳು ಅರ್ಧ ದಾರಿಯಲ್ಲೇ ಸುಸ್ತಾಗುತ್ತವೆ. ಓಬೋ, ಫ್ಲೂಟ್ ಇಂಥ ಊದುವ ಸಣ್ಣ ವಾದ್ಯಗಳು ಚರ್ಮದೊಳಗೇ ಸತ್ತುಹೋಗುತ್ತವೆ. ಹೀಗಾಗಿ ಭಾವನ ಮಟ್ಟಿಗೆ ಆರ್ಕೆಸ್ಟ್ರಾ ಅಂದರೆ ಅದರ ತಳ. ಎಲ್ಲರೂ ಮನೆಯನ್ನು ಎದುರಿನಿಂದ ನೋಡಿದರೆ ಇವರು ಅಡಿಪಾಯದಿಂದ ನೋಡಿದವರು.

ಅದರಲ್ಲೇ ಎಷ್ಟು ಕಂಡುಕೊಂಡರು ಅನ್ನುತ್ತೀರಿ! ನನಗೆ ಸಂಗೀತ ಅಂದರೆ ತಲೆನೋವು, ಆದರೂ ಅಕ್ಕನ ಮನೆಗೆ ಬೆಳಗಿನ ಕಾಫಿಗೆ ಹೋದಾಗ ಅವರು ಬಾಯಿ ಬಿಟ್ಟರೆ ಕೇಳದೆ ಇರಲಾಗುತ್ತಿರಲಿಲ್ಲ.

"ಸಿಂಫನಿ ಮೊದಲ ಭಾಗ ಇದೆಯಲ್ಲ, ಅದರಲ್ಲಿ ಇಬ್ಬರು ಬರ್ತಾರೆ" ಅನ್ನುತ್ತಿದ್ದರು. "ಒಬ್ಬರು ಗಡಸು, ಇನ್ನೊಬ್ಬರು ಮೆದು. ಇಬ್ಬರದ್ದೂ ಬೇರೆ ಬೇರೆ ಮನೆ. ಪರಿಚಯ ಮಾಡ್ಕೊಡ್ತಾರೆ. ಆಮೇಲೆ ಜಗಳ. ಏನು ಜಗಳ ಅಂತೀಯ, ಯಾರ ಮನೇಲಿದ್ದೀವಿ ಅನ್ನೋದೇ ಗೊತ್ತಾಗಲ್ಲ. ಕೊನೆಗೆ ಇಬ್ಬರೂ ವಾಪಸ್ ಬರ್ತಾರೆ, ಆದ್ರೆ ಈ ಸಲ ಒಂದೇ ಮನೇಲಿ. ಅಷ್ಟು ಕೇಳಿಸಿದ್ರೆ ನಾನು ಬಾಗಿಲ ಹಿಡಿ ಮೇಲೆ ಕೈ ಇಡ್ತೀನಿ."

"ಮದುವೆ ಮಾಡಿಸೋ ದಲ್ಲಾಳಿ ಹಾಗೆ ಮಾತಾಡ್ತೀರಲ್ಲ ಭಾವ" ಎಂದೆ.

"ನಗು ನಗು. ಕೆಳಗಿನ ಸ್ವರ ಮನೆ ಸೇರಿದಾಗ ಬಾಗಿಲು ಅದುರೋ ರೀತಿನೇ ಬೇರೆ. ಅಂಗೈಗೆ ಗೊತ್ತಾಗುತ್ತೆ."

ಶನಿವಾರಗಳಲ್ಲಿ ಅದೇ ಭವನದಲ್ಲಿ ಜಾಝ್ ಇರುತ್ತಿತ್ತು. ಮೊದಲ ಶನಿವಾರ ಭಾವ ಪೂರಾ ಬೆಪ್ಪಾದರು. ಒಳಗೆ ಚಪ್ಪಾಳೆ ಬಿತ್ತು ಎಂದು ಬಾಗಿಲು ತೆಗೆದರೆ ಹಾಡು ಇನ್ನೂ ನಡೆಯುತ್ತಲೇ ಇತ್ತು. ಒಬ್ಬ ಸ್ಯಾಕ್ಸೊಫೋನ್ ನುಡಿಸಿ ಮುಗಿಸಿದ್ದಕ್ಕೆ ನಡುವೆಯೇ ಚಪ್ಪಾಳೆಯಂತೆ. ಬೈಗುಳ ಬೀಳುತ್ತದೆ ಎಂದು ಭಾವ ಕಣ್ಣುಮುಚ್ಚಿದರೆ ಆ ಸ್ಯಾಕ್ಸೊಫೋನಿನವನು ಬಂದವರಿಗೆಲ್ಲ ಕೈಬೀಸಿ, ಕೂತುಕೊಳ್ಳಿ ಎಂದು ಸನ್ನೆ ಮಾಡಿದನಂತೆ. ಭಾವನಿಗೆ ಇದರಿಂದ ಸಮಾಧಾನವಾಗುವ ಬದಲು ಸಿಟ್ಟು ಬಂತು. "ಯಾವಾಗ ಬೇಕಾದ್ರೂ ಬರಬಹುದು ಅನ್ನೋದಾದ್ರೆ ನಾನ್ಯಾಕೆ ಅಲ್ಲಿ ನಿಂತಿರ್ಬೇಕು?" ಎಂದು ಅಕ್ಕನ ಮೇಲೆ ಕೂಗಾಡಿದರು, ಜಾಝ್ ಹುಟ್ಟಿಸಿದವಳು ಅವಳೇ ಅನ್ನುವ ಹಾಗೆ.

ಆದರೆ ಬಿಡುವ ಜನವಲ್ಲ ಅವರು. ನಾಲ್ಕಾರು ಶನಿವಾರ ಕಿವಿಗೊಟ್ಟು ಅದರ ಗುಟ್ಟನ್ನೂ ಹಿಡಿದರು. ಬಾಸ್ ಮಾತ್ರ ನಿಲ್ಲದೆ ನಡೆಯುತ್ತಿರುತ್ತದೆ, ಮೇಲಿನವರು ಸರದಿ ಬದಲಿಸುತ್ತಾರೆ. ಒಂದು ಮಾತು, ಮತ್ತೆ ಅದೇ ಮಾತು, ಆಮೇಲೆ ಬೇರೆಯೇ ಒಂದು ಮಾತು, ಕೊನೆಗೆ ಪುನಃ ಮೊದಲ ಮಾತು. ಎಂಟೆಂಟರಂತೆ ಮೂವತ್ತೆರಡು ಎಣಿಸಿದರೆ ಒಂದು ಸುತ್ತು. ಸುತ್ತು ಮುಗಿಯುವಲ್ಲಿ ಬಾಗಿಲು ತೆಗೆದರೆ ಬರುವವರ ಹೆಜ್ಜೆಯೂ ತಾಳಕ್ಕೆ ಬೀಳುತ್ತದೆ ಅನ್ನುತ್ತಿದ್ದರು. ಜಾಝ್‌ನವರೇ ನುಡಿಸುವ ದುಃಖದ ಹಾಡು ಬ್ಲೂಸ್ ಇನ್ನೂ ಸುಲಭವಂತೆ, ಒಂದು ಸುತ್ತು ಅಂದರೆ ಹನ್ನೆರಡೇ ಎಣಿಕೆ.

"ಬ್ಲೂಸ್ ಅಂದ್ರೆ ನಿಮ್ಮ ಅಕ್ಕ" ಎಂದರು ಒಂದು ದಿನ. "ಮೊದಲು 'ಹಾಲು ಉಕ್ಕಿಹೋಯ್ತು' ಅಂತಾಳೆ. ಯಾರೂ ಅಲ್ಲಾಡಲ್ಲ. 'ಹಾಲು ಉಕ್ಕಿಹೋಯ್ತೂ' ಅಂತ ಇನ್ನೊಂದು ಸಲ, ಸ್ವಲ್ಪ ಮೇಲಿನ ದನಿಯಲ್ಲಿ. ಮೂರನೇ ಸಲ 'ಈ ಮನೇಲಿ ಎಲ್ಲ ನಾನೇ ನೋಡ್ಕೋಬೇಕು' ಅಂತ ವಿಷಯಕ್ಕೆ ಬರ್ತಾಳೆ. ಅಷ್ಟೇ, ಹನ್ನೆರಡು."

ಒಲೆಯ ಹತ್ತಿರ ನಿಂತಿದ್ದ ಅಕ್ಕ ಸೌಟು ಎತ್ತಿದಳು. ಅಷ್ಟರಲ್ಲಿ ಹಾಲು ನಿಜವಾಗಿಯೂ ಉಕ್ಕಿತು.

ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಸಂಜೆಯ ಪಾಳಿ ಬಿದ್ದ ದಿನ ಅವರ ಒಬ್ಬಳೇ ಮಗಳು ಶಾಲೆಯಿಂದ ನೇರ ನನ್ನ ಕೋಟಿನ ಕೋಣೆಗೆ ಬರುತ್ತಿದ್ದಳು. ಒದ್ದೆ ಉಣ್ಣೆ, ಚರ್ಮ, ಅತ್ತರು, ಎಲ್ಲ ಸೇರಿದ ಒಂದು ವಾಸನೆ ಅಲ್ಲಿ. ಕೋಟುಗಳ ಕೆಳಗೆ ಕೂತು ಮನೆಪಾಠ ಬರೆಯುತ್ತಿದ್ದಳು. ನನ್ನ ಕೋಣೆಯ ಗೋಡೆಯ ಆಚೆ ಊದುವ ವಾದ್ಯದವರು ತಯಾರಾಗುವ ಕೋಣೆ. ಏಳು ವರ್ಷದ ಹುಡುಗಿ ಗೋಡೆಗೆ ಕಿವಿಯಿಟ್ಟು, "ಚಿಕ್ಕಮ್ಮ, ಇದು ಯಾರು? ಈ ಎತ್ತರದಲ್ಲಿ ಓಡಾಡ್ತಿರೋದು ಯಾರು?" ಎಂದು ಕೇಳಿದಳು. ಗೋಡೆಗೆ ಕಿವಿಯಿಡುವುದು ಅಪ್ಪನಿಂದ ಬಂದ ಗುಣ. ನಾನು ಕರೆದುಕೊಂಡು ಹೋಗಿ ತೋರಿಸಿದೆ. ಅದು ಫ್ಲೂಟ್.

ಅವಳು ಅದನ್ನೇ ಹಿಡಿದಳು. ಕಲಿತಳು, ಪರೀಕ್ಷೆ ಕೊಟ್ಟಳು, ಇಪ್ಪತ್ತೆರಡನೇ ವಯಸ್ಸಿಗೆ ಅದೇ ಭವನದ ಆರ್ಕೆಸ್ಟ್ರಾದಲ್ಲಿ ಎರಡನೇ ಫ್ಲೂಟ್ ಆಗಿ ಸೇರಿದಳು. ನಾವೆಲ್ಲ ಕುಣಿದಾಡಿದೆವು. ಭಾವ ಹೊಸ ಕೋಟು ಹೊಲಿಸಿಕೊಂಡು, ಅದನ್ನು ತೊಟ್ಟು, ಬಾಗಿಲಿನ ಹೊರಗೆ ನಿಂತರು.

ನೋಡಿ, ಗೊತ್ತಿಲ್ಲದ್ದು ಒಂದೇ ಒಂದು ಎಂದೆನಲ್ಲ, ಅದು ಇದು. ಒಂಬತ್ತು ವರ್ಷ ಮಗಳು ಒಳಗೆ ನುಡಿಸಿದಳು, ಅಪ್ಪ ಹೊರಗೆ ಕಿವಿಯಾನಿಸಿ ನಿಂತರು, ಒಂದು ಸ್ವರವೂ ಅವರಿಗೆ ಕೇಳಿಸಲಿಲ್ಲ. ಮನೆಯಲ್ಲಿ ಕೇಳಬಹುದಿತ್ತಲ್ಲ ಎಂದರೆ, ಮನೆಯಲ್ಲಿ ಅವಳು ಕಷ್ಟದ ತುಣುಕುಗಳನ್ನು ಮಾತ್ರ ತಿದ್ದುತ್ತಿದ್ದಳು. ನಾಲ್ಕು ಸ್ವರ, ನಲವತ್ತು ಸಲ. ಗೋಡೆಗೆ ಮೊಳೆ ಹೊಡೆದಂತೆ ಇರುತ್ತಿತ್ತು, ಹೊಡೆಸಿಕೊಳ್ಳುವ ಗೋಡೆ ನಾವು. ಆರಂಭದಿಂದ ಕೊನೆಯವರೆಗೆ ಏನನ್ನೂ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಭಾವ ಈ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದರು.

ಹೋದ ವರ್ಷ ಒಬ್ಬ ಹೊಸ ಸಂಗೀತಗಾರರು ಆರ್ಕೆಸ್ಟ್ರಾಕ್ಕೆಂದು ಒಂದು ಕೃತಿ ಬರೆದುಕೊಟ್ಟರು. ಇಪ್ಪತ್ತೆರಡು ನಿಮಿಷದ್ದು, ಒಂದೇ ಭಾಗ, ನಡುವೆ ಬಿಡುವಿಲ್ಲ. ಅದರ ನಡುಮಧ್ಯೆ ಎಲ್ಲರೂ ನಿಂತುಬಿಡುತ್ತಾರೆ, ಒಂದು ಆಲ್ಟೊ ಫ್ಲೂಟ್ ಮಾತ್ರ ಒಂಟಿಯಾಗಿ ನುಡಿಯುತ್ತದೆ. ಆಲ್ಟೊ ಫ್ಲೂಟ್ ಅಂದರೆ ಮಾಮೂಲಿ ಫ್ಲೂಟಿಗಿಂತ ಗೇಣು ಉದ್ದ, ಬೆರಳು ದಪ್ಪ, ದನಿ ಕೆಳಗೆ. ವಾಡಿಕೆಯಂತೆ ಅದನ್ನು ಎತ್ತಿಕೊಳ್ಳುವುದು ಎರಡನೇ ಫ್ಲೂಟಿನವರು. ಅಂದರೆ ನಮ್ಮ ಹುಡುಗಿ.

ಅವಳು ನನ್ನ ಕೋಣೆಗೆ ಓಡಿಬಂದಳು. "ಚಿಕ್ಕಮ್ಮ, ಇದು ಕೆಳಗಿನ ದನಿ! ಇದು ಬಾಗಿಲು ದಾಟುತ್ತೆ. ಈ ಸಲ ಅಪ್ಪಂಗೆ ಕೇಳಿಸುತ್ತೆ" ಎಂದಳು. ಮೂವತ್ತೊಂದು ತುಂಬಿದ ಹೆಂಗಸು ಏಳು ವರ್ಷದವಳ ಹಾಗೆ ಕುಣಿಯುತ್ತಿದ್ದಳು. ಇಷ್ಟು ದಿನ ಅವಳಿಗೆ ಇದು ಹೀಗೆ ಕೊರೆಯುತ್ತಿತ್ತೆಂದು ನನಗೆ ಆಗಲೇ ತಿಳಿದದ್ದು. ಅಪ್ಪನಿಗೆ ಮೊದಲೇ ಹೇಳಬೇಡ, ಅವರೇ ಕಂಡುಹಿಡಿಯಲಿ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ರಿಹರ್ಸಲ್ ದಿನ ಭಾವ ಎಂದಿನಂತೆ ಕತ್ತಲೆ ಜಾಗಕ್ಕೆ ಹೊಕ್ಕರು. ಮುಗಿದ ಮೇಲೆ ನನ್ನ ಕೋಣೆಗೆ ಬಂದು ಪುಸ್ತಕ ಬಿಚ್ಚಿ, ಸರಿಮಾಡಿ ಬರೆಯತೊಡಗಿದರು. ಅವಳೂ ಬಂದು ಬಾಗಿಲಲ್ಲಿ ನಿಂತಳು, ತುಟಿ ಒದ್ದೆ, ಕಣ್ಣು ಹೊಳೆಯುತ್ತಿತ್ತು.

"ಹೇಗಿದೆ ಅಪ್ಪ, ಹೊಸದು?"

"ಚೆನ್ನಾಗಿದೆ ಕಣಮ್ಮ. ಬಾಸ್‌ಗಳು ಬ್ಲೂಸ್ ಥರ ಹನ್ನೆರಡರ ಸುತ್ತು ಹಾಕ್ತವೆ, ಮೂರು ಸಲ. ಆಮೇಲೆ ಎಲ್ಲಾರೂ ಸೇರಿ ನಾಲ್ಕು ಹೊಡೆತ. ಆದ್ರೆ ಒಂದು ಜಾಗ ಬಹಳ ಕೆಟ್ಟದ್ದು. ಆ ನಾಲ್ಕನೇ ಹೊಡೆತ ಆದ್ಮೇಲೆ ಎರಡು ನಿಮಿಷ ನಲವತ್ತು ಸೆಕೆಂಡು ಏನೂ ಇಲ್ಲ."

ಅವಳ ಮುಖ ನೋಡಲಾಗಲಿಲ್ಲ ನನಗೆ.

"ಏನೂ ಇಲ್ವಾ?" ಎಂದಳು.

"ಏನೂ ಇಲ್ಲ. ಇಷ್ಟುದ್ದದ ಸುಳ್ಳು ಕೊನೆ ನಾನು ನೋಡೇ ಇಲ್ಲ. ಯಾರಾದ್ರೂ ಮುಗೀತು ಅಂದ್ಕೋತಾರೆ."

"ಆ ಏನೂ ಇಲ್ಲದ್ದು ನಾನೇ ಅಪ್ಪ" ಎಂದು ಅವಳು ಅಳತೊಡಗಿದಳು.

ಭಾವ ಪೆನ್ಸಿಲ್ ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಅವಳು ಕಣ್ಣೊರೆಸಿಕೊಂಡು, "ಒಂದೇ ಒಂದು ದಿನ ಒಳಗೆ ಬಂದು ಕೂತ್ಕೋ ಅಪ್ಪ. ಭಾನುವಾರ ಸಂಜೆ ನಾಲ್ಕಕ್ಕೆ. ಒಂದು ಸಲ ನುಡಿಸ್ತಾರೆ, ಆಮೇಲೆ ಇದನ್ನ ಯಾರು ಯಾವಾಗ ತೆಗೀತಾರೋ ಗೊತ್ತಿಲ್ಲ" ಎಂದಳು.

"ಅದು ಹೇಗಾಗುತ್ತಮ್ಮ? ಅದೇ ಜಾಗದಲ್ಲೇ ಅಲ್ವಾ ನಾನು ಹೊರಗಿರ್ಬೇಕಾದ್ದು? ನಾನು ಬಾಗಿಲು ಬಿಟ್ಟು ಬಂದ್ರೆ ಯಾರಾದ್ರೂ ತೆಗೀತಾರೆ. ನಿನ್ನ ಎರಡು ನಿಮಿಷದ ನಡುವೆ ಜನ ನುಗ್ಗಿದ್ರೆ?"

ಹಗ್ಗ ಹಾಗೆ ಗಂಟು ಬಿದ್ದಿತ್ತು. ಮಗಳನ್ನು ಕೇಳಬೇಕಾದರೆ ಬಾಗಿಲು ಬಿಡಬೇಕು. ಬಾಗಿಲು ಬಿಟ್ಟರೆ ಮಗಳ ನುಡಿಸಾಣಿಕೆಯೇ ಹಾಳಾಗಬಹುದು. ನಾನು ಜಾಣತನ ಮಾಡಿ, "ಅದನ್ನ ಮನೇಲೇ ಒಂದ್ಸಲ ಊದ್ಬಿಡೇ, ಮುಗೀತು" ಎಂದೆ. ಅವಳು ನನ್ನನ್ನು ಸುಡುವ ಹಾಗೆ ನೋಡಿದಳು.

"ಚಿಕ್ಕಮ್ಮ, ಮೊದಲು ಎಂಬತ್ತು ಜನ ಗಲಾಟೆ ಮಾಡಿ ನಿಲ್ಲಬೇಕು. ಅವರು ನಿಂತರೇನೇ ನನ್ನದು ಶುರು. ಮನೇಲಿ ಯಾರು ನಿಲ್ತಾರೆ?"

ನನಗೆ ಸಂಗೀತ ಅರ್ಥವಾದದ್ದು ಇಡೀ ಜೀವಮಾನದಲ್ಲಿ ಅದೊಂದು ಕ್ಷಣ ಇರಬೇಕು. ಬಾಯಿ ತಾನಾಗಿ ಆಡಿಬಿಟ್ಟಿತು: "ಬಾಗಿಲು ನಾನು ನೋಡ್ಕೋತೀನಿ ಭಾವ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕುಕ್ಕರಿನ ಸೀಟಿ ಎಣಿಸಲೂ ಬಾರದವಳು ನಾನು, ಅದು ಅವರಿಗೆ ಗೊತ್ತು. ಆದರೂ ಹೂಂ ಎಂದರು.

ಮೂರು ದಿನ ನನಗೆ ಪಾಠ. ಅಡುಗೆಮನೆಯ ಮೇಜಿನ ಮೇಲೆ ಬೆರಳು ಬಡಿದು ಬಡಿದು ಇಡೀ ಇಪ್ಪತ್ತೆರಡು ನಿಮಿಷ ಹೇಳಿಕೊಟ್ಟರು. "ಬಾಸ್‌ಗಳು ನಡೀತವೆ, ಮೂರು ಸುತ್ತು. ಆಮೇಲೆ ಬಾಗಿಲು ನಾಲ್ಕು ಸಲ ಅದುರುತ್ತೆ. ನಾಲ್ಕನೇದು ಆದ್ಮೇಲೆ ಕೈ ಕಟ್ಕೊಂಡು ನಿಂತ್ಕೋ. ಬಾಸ್‌ಗಳು ಮತ್ತೆ ನಡೆಯೋಕೆ ಶುರು ಮಾಡೋವರೆಗೂ ನೀನು ಕಲ್ಲು. ಕೊನೆಗೆ ಚಪ್ಪಾಳೆ. ಹೊರಗಿಂದ ಚಪ್ಪಾಳೆ ಪಟಪಟ ಅಂತ ಕೇಳಿಸಲ್ಲ, ನೆನಪಿಟ್ಕೋ. ದೂರದಲ್ಲಿ ಲಾರಿ ಹೋದ ಹಾಗೆ ಗುರ್ ಅನ್ನುತ್ತೆ. ಅದು ಬಂದ್ರೆ ತೆಗಿ."

"ನಾನೇನು ಎಳೇ ಮಗುವಾ?" ಎಂದು ರೇಗಿದೆ. ಆದರೂ ಮತ್ತೆ ಮೊದಲಿನಿಂದ ಎಣಿಸಿದೆ.

ಭಾನುವಾರ ನಾಲ್ಕಕ್ಕೆ ಭಾವ ಆ ಹಳೆಯ ಹೊಸ ಕೋಟು ತೊಟ್ಟು, ಕೊನೆಯ ಸಾಲಿನಲ್ಲಿ ಬಾಗಿಲಿನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು. ನಾನು ಬಾಗಿಲು ಮುಚ್ಚಿ ಕತ್ತಲೆಯಲ್ಲಿ ನಿಂತೆ. ಮೊದಲ ಆಶ್ಚರ್ಯ ಅಲ್ಲೇ ಕಾದಿತ್ತು. ಸಂಗೀತ ಕಿವಿಯಿಂದ ಬರಲಿಲ್ಲ, ಕೆನ್ನೆಯಿಂದ ಬಂತು. ಚರ್ಮದ ಆ ಕಡೆ ಯಾರೋ ದಪ್ಪನೆಯ ಮನುಷ್ಯ ಮೆಟ್ಟಿಲು ಹತ್ತಿಳಿಯುತ್ತಿದ್ದ. ಒಂದು ಮಾತು, ಅದೇ ಮಾತು, ಆಮೇಲೆ ವಿಷಯ. ಅಯ್ಯೋ, ಅಕ್ಕನ ಹಾಲು! ಕತ್ತಲೆಯಲ್ಲಿ ಒಬ್ಬಳೇ ನಕ್ಕೆ. ಇಷ್ಟು ವರ್ಷ ಇದೇ ಕಟ್ಟಡದಲ್ಲಿ ಕೋಟು ಮಡಚಿಕೊಂಡು ಇದನ್ನು ಕಳೆದುಕೊಂಡೆನಲ್ಲ ಅನ್ನಿಸಿತು.

ಅಷ್ಟರಲ್ಲಿ ಹೊರಗೆ ತಡವಾಗಿ ಬಂದವರು ಆರೇಳು ಜನ ಸೇರಿದ್ದರು. ಅವರಲ್ಲಿ ಒಬ್ಬರು ಹೂಗುಚ್ಛ ಹಿಡಿದವರು, ಭವನದ ಅಧ್ಯಕ್ಷರ ತಮ್ಮ. ಕಾಯುವುದು ಅಭ್ಯಾಸವಿಲ್ಲದ ಜನ. ಹೊರಬಾಗಿಲು ತಳ್ಳಿಕೊಂಡು ನಾನಿದ್ದ ಕತ್ತಲೆ ಜಾಗಕ್ಕೇ ಬಂದುಬಿಟ್ಟರು, ಹೂವಿನ ಸಮೇತ.

ಬಾಗಿಲು ಅದುರಿತು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಏನೂ ಇಲ್ಲ.

"ಮುಗೀತಲ್ಲಮ್ಮ, ತೆಗೀರಿ" ಎಂದು ಹೂವಿನವರು ಪಿಸುಗುಟ್ಟಿದರು.

"ಮುಗಿದಿಲ್ಲ."

"ಏನೂ ಕೇಳಿಸ್ತಿಲ್ಲ."

"ಅದೇ ಸಂಗೀತ. ಸುಮ್ನಿರಿ" ಎಂದೆ. ಗಡಿಯಾರ ನೋಡಿದರೆ ಕತ್ತಲೆಯಲ್ಲಿ ಮುಳ್ಳು ಕಾಣಲಿಲ್ಲ. ಭಾವ ಎಲ್ಲ ಹೇಳಿಕೊಟ್ಟಿದ್ದರು, ಇದೊಂದನ್ನು ಹೇಳಿರಲಿಲ್ಲ. ಅವರಿಗೆ ಗಡಿಯಾರ ಬೇಕಾಗಿರಲಿಲ್ಲವಲ್ಲ. ಮನಸ್ಸಿನಲ್ಲೇ ಎಣಿಸತೊಡಗಿದೆ. ಎಪ್ಪತ್ತೋ ಎಂಬತ್ತೋ ಆದಾಗ ಹೂವಿನವರು ಸೀನಿದರು, ಲೆಕ್ಕ ತಪ್ಪಿತು. ಮೌನ ಬೆಳೆಯುತ್ತಲೇ ಹೋಯಿತು. ಇಷ್ಟು ಹೊತ್ತಾಯಿತೇ? ಹುಡುಗಿಗೆ ಏನಾದರೂ ಆಯಿತೇ? ಉಸಿರು ಕಟ್ಟಿತೇ? ನುಡಿಸಲಾಗದೆ ನಿಂತುಬಿಟ್ಟಳೇ?

ಆಗ ಕೆನ್ನೆಗೆ ಗುರ್ ಎಂದು ತಾಗಿತು. ದೂರದಲ್ಲಿ ಲಾರಿ ಹೋದ ಹಾಗೆ.

"ಚಪ್ಪಾಳೆ!" ಎಂದರು ಹೂವಿನವರು.

ಬಾಸ್‌ಗಳು ಮತ್ತೆ ನಡೆದಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ಗುರ್ ಅನ್ನುತ್ತಿದೆಯಲ್ಲ! ಅವಳು ನಿಲ್ಲಿಸಿಬಿಟ್ಟಿದ್ದಾಳೆ, ಜನ ಪಾಪ ಎಂದು ಚಪ್ಪಾಳೆ ತಟ್ಟುತ್ತಿದ್ದಾರೆ, ನಾನಿಲ್ಲಿ ಕಲ್ಲಿನ ಹಾಗೆ ನಿಂತಿದ್ದೇನೆ ಎನ್ನಿಸಿತು. ಬಾಗಿಲು ತಳ್ಳಿದೆ.

ಬಾಗಿಲು ಅಲುಗಲಿಲ್ಲ.

ಇನ್ನೊಮ್ಮೆ ಭುಜ ಕೊಟ್ಟು ತಳ್ಳಿದೆ. ಹೂವಿನವರೂ ಕೈ ಸೇರಿಸಿದರು. ಎಣ್ಣೆ ಹಾಕಿ ಸಾಕಿದ ಬಾಗಿಲು ಅದು, ಬೆರಳು ತಾಗಿದರೆ ಸರಿಯುವಂಥದ್ದು. ಗೋಡೆಯ ಹಾಗೆ ನಿಂತಿತ್ತು. ನಾವು ಏದುಸಿರು ಬಿಡುತ್ತಿರುವಾಗಲೇ ಆ ದಪ್ಪನೆಯ ಮನುಷ್ಯ ಆ ಕಡೆ ಮೆಟ್ಟಿಲು ಇಳಿಯತೊಡಗಿದ. ಬಾಸ್‌ಗಳು. ಸಂಗೀತ ಇನ್ನೂ ನಡೆಯುತ್ತಿತ್ತು. ನಾನು ಬಾಗಿಲಿನಿಂದ ಕೈ ತೆಗೆದೆ.

ಎಷ್ಟೋ ಹೊತ್ತಿನ ಮೇಲೆ ನಿಜವಾದ ಗುರ್ ಬಂತು. ಬಾಗಿಲು ಒಳಗಿನಿಂದ ತಾನಾಗಿ ತೆರೆದುಕೊಂಡಿತು. ಭಾವ ನಿಂತಿದ್ದರು, ಕೋಟಿನ ಬೆನ್ನು ಮುದ್ದೆಯಾಗಿತ್ತು, ಕಣ್ಣು ಕೆಂಪಾಗಿತ್ತು. "ಈಗ ಬನ್ನಿ ಸಾರ್" ಎಂದು ಹೂವಿನವರಿಗೆ ದಾರಿ ಬಿಟ್ಟರು.

ಆಗಿದ್ದು ಇಷ್ಟು. ನಾಲ್ಕನೇ ಹೊಡೆತ ಬಿದ್ದ ಕೂಡಲೇ ಅವರಿಗೆ ಕೂರಲಾಗಲಿಲ್ಲ. ಮೂವತ್ತೊಂದು ವರ್ಷದ ಕಾಲು, ತಾನಾಗಿ ಎದ್ದಿತು. ಎದ್ದುಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಮಗಳನ್ನು ಹಾಗೇ ಕೇಳಿದರು, ಪೂರ್ತಿ, ನಾವು ಹಿಂದಿನಿಂದ ಗುದ್ದುತ್ತಿದ್ದಾಗಲೂ.

"ನನ್ನ ಮೇಲೆ ನಂಬಿಕೆ ಇರ್ಲಿಲ್ವಾ ಭಾವ?" ಎಂದು ಕೇಳಿದೆ ನಾಚಿಕೆಯಲ್ಲಿ.

"ನಂಬಿಕೆ ಇತ್ತು. ಆದ್ರೂ ಬೆನ್ನು ಕೊಟ್ಟಿದ್ದೆ."

ಆಮೇಲೆ ತಿಳಿಯಿತು, ಆ ಮಧ್ಯಾಹ್ನ ಕೃತಿ ಬರೆದ ಸಂಗೀತಗಾರರು ಕೊನೆ ಗಳಿಗೆಯಲ್ಲಿ ಒಂದು ಬದಲಾವಣೆ ಮಾಡಿದ್ದರು. ಫ್ಲೂಟಿನ ಕೆಳಗೆ ದೊಡ್ಡ ಡ್ರಮ್ಮನ್ನು ಮೆತ್ತನೆಯ ಕೋಲಿನಿಂದ ಸಣ್ಣಗೆ ಉರುಳಿಸುವಂತೆ ಹೇಳಿದ್ದರು. ರಿಹರ್ಸಲ್‌ನಲ್ಲಿ ಅದು ಇರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. ಭಾವ ಇದನ್ನು ಕೇಳಿ ಗಲ್ಲ ಕೆರೆದುಕೊಂಡರು. "ಹೊರಗೆ ನಾನಿದ್ದಿದ್ರೆ ನಾನೂ ಚಪ್ಪಾಳೆ ಅಂತಾನೇ ತೆಗೀತಿದ್ದೆ ಅನ್ಸುತ್ತೆ" ಎಂದು ಒಪ್ಪಿಕೊಂಡರು. ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಗೊತ್ತು.

ಮಗಳು ಕೋಟಿನ ಕೋಣೆಗೆ ಬಂದು, "ವೇದಿಕೆಯಿಂದ ಏನೂ ಕಾಣಲ್ಲ ಚಿಕ್ಕಮ್ಮ, ಎಲ್ಲ ಕತ್ತಲೆ. ಬಾಗಿಲ ಮೇಲಿನ ಹಸಿರು ದೀಪ ಒಂದೇ. ಅದರ ಕೆಳಗೆ ಅಪ್ಪ ನಿಂತಿದ್ದ. ಅವನಿಗೇ ನುಡಿಸಿದೆ" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಹೇಗಿತ್ತು?" ಎಂದಳು.

ಭಾವ ಮುದ್ದೆಯಾದ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇಷ್ಟು ವರ್ಷ ಏನು ಕಾಯ್ತಾ ಇದ್ದೆ ಅನ್ನೋದು ನೋಡೇ ಇರ್ಲಿಲ್ಲ ಕಣಮ್ಮ" ಎಂದರು, ಅಷ್ಟೇ.

ಮರುದಿನ ಸೋಮವಾರ, ಭವನಕ್ಕೆ ರಜೆ. ನಾನು ಅಕ್ಕನ ಮನೆಗೆ ಹೋದಾಗ ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ಕುಗಳು ಹರಡಿದ್ದವು. ಭಾವ ಒಂದೊಂದಾಗಿ ಪುಟ ತಿರುವಿ, ಸುಳ್ಳು ಕೊನೆ ಎಂದು ಬರೆದ ಜಾಗಗಳಲ್ಲಿ ಬೆರಳಿಟ್ಟು ಮಗಳನ್ನು ಕೇಳುತ್ತಿದ್ದರು.

"ಇಲ್ಲಿ ಎಂಟು ಎಣಿಕೆ ಏನೂ ಇಲ್ಲ. ಇಲ್ಲಿ ಯಾರಿದ್ರು?"

"ಅದು ಓಬೋ ಅಪ್ಪ."

"ಇಲ್ಲಿ?"

"ಇಲ್ಲಿ ಯಾರೂ ಇಲ್ಲ. ನಿಜವಾಗ್ಲೂ ಏನೂ ಇಲ್ಲ."

"ಇಲ್ಲಿ?"

ಅವಳು ಬಗ್ಗಿ ನೋಡಿದಳು. "ಇದು ನಾನು. ನನ್ನ ಮೊದಲನೇ ವರ್ಷ."

ಅಲ್ಲಿ ಭಾವನ ಬಡಗಿ ಅಕ್ಷರದಲ್ಲಿ, ಏನೂ ಇಲ್ಲ, ಬಾಗಿಲು ತೆಗೆಯಬೇಡ, ಎಂದಿತ್ತು. ಅವರು ಪೆನ್ಸಿಲ್ ತೆಗೆದು, ಏನೂ ಇಲ್ಲ ಅನ್ನುವುದನ್ನು ಮಾತ್ರ ಹೊಡೆದುಹಾಕಿ, ಮೇಲೆ ಮಗಳು ಎಂದು ಬರೆದರು.

"ಇದನ್ನ ನುಡಿಸು" ಎಂದರು.

"ಅದಕ್ಕೆ ಮೊದಲು ಎಲ್ಲರೂ ನುಡಿಸಿ ನಿಲ್ಲಬೇಕಲ್ಲ ಅಪ್ಪ?"

"ಅದು ನನಗೆ ಬರುತ್ತೆ" ಎಂದು ಭಾವ ಮೇಜಿನ ಮೇಲೆ ಬೆರಳು ಬಡಿಯತೊಡಗಿದರು. ಬಾಸ್‌ಗಳ ಪಾಲು, ಟ್ಯೂಬಾದ ಪಾಲು, ಟಿಂಪನಿಯ ಪಾಲು, ಒಂದನ್ನೂ ಬಿಡದೆ. ಲೋಟಗಳು ಅದುರಿದವು. ಅವರಿಗೆ ತಳ ಮಾತ್ರ ಗೊತ್ತು, ಅವಳಿಗೆ ಮೇಲಿನದು ಗೊತ್ತು. ಒಂದೇ ಸ್ಕೂಟರಿನಲ್ಲಿ ಒಂಬತ್ತು ವರ್ಷ ಓಡಾಡಿದವರು ಇದನ್ನು ಈಗ ಕಂಡುಕೊಂಡರಲ್ಲ ಎಂದು ನನಗೆ ನಗುವೂ ಬಂತು, ಅಳುವೂ ಬಂತು. ಅಕ್ಕ ಒಲೆ ಆರಿಸಿ ಬಂದು ನನ್ನ ಪಕ್ಕ ನಿಂತಳು.

ಕೊನೆಯ ಎರಡು ಹೊಡೆತ ಹೊಡೆದು ಭಾವ ಕೈ ಮೇಲೆತ್ತಿದರು. ಅವಳು ಫ್ಲೂಟ್ ತುಟಿಗಿಟ್ಟಳು.

ಅಷ್ಟರಲ್ಲಿ ಹೊರಗೆ ಯಾರೋ ಬಾಗಿಲು ತಟ್ಟಿದರು. ನಾನು ಏಳಹೋದೆ. ಭಾವ ಕೈ ಎತ್ತಿ ಹಿಡಿದಂತೆಯೇ ನನ್ನ ಕಡೆ ನೋಡಿ, ಈಗಲ್ಲ ಎಂದು ತಲೆಯಾಡಿಸಿದರು. ಬಂದವರು ಕಾಯುತ್ತಾರೆ ಎಂದು ನಾನು ಕೈ ಕಟ್ಟಿಕೊಂಡು ಅಲ್ಲೇ ನಿಂತೆ.